ಉದ್ಯೋಗದ ಹುಡುಕಾಟಕ್ಕೂ ಒಂದು ಲೆಕ್ಕದ ಪುಸ್ತಕ

ಕಳೆದ ಮಳೆಗಾಲದ ಒಂದು ಸಂಜೆ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಹುಡುಗ ಬಿ.ಕಾಂ. ಮುಗಿಸಿ ಹನ್ನೊಂದು ತಿಂಗಳಾಗಿತ್ತು. "ಫಾದರ್, ಇವ ದಿನಾ ಮೊಬೈಲ್‌ನಲ್ಲಿ ಅರ್ಜಿ ಹಾಕುವುದೇ ಕೆಲಸ. ಒಂದೂ ಆಗಲಿಲ್ಲ. ನೀವಾದರೂ ಯಾರಿಗಾದರೂ ಒಂದು ಮಾತು ಹೇಳಿ" ಎಂದರು ತಾಯಿ. ಎಲ್ಲೆಲ್ಲಿ ಅರ್ಜಿ ಹಾಕಿದ್ದೀಯಾ ಎಂದು ಹುಡುಗನನ್ನು ಕೇಳಿದೆವು. "ತುಂಬ ಕಡೆ ಫಾದರ್, ನೂರರ ಮೇಲೆ ಇರಬಹುದು" ಎಂದ. ಹೆಸರು ಹೇಳು ಎಂದಾಗ ನಾಲ್ಕೈದು ಕಂಪೆನಿಗಳ ಆಚೆ ನೆನಪಾಗಲಿಲ್ಲ. ಎರಡು ವಾರದ ಹಿಂದೆ ಬೆಂಗಳೂರಿನಿಂದ ಒಂದು ಕರೆ ಬಂದಿತ್ತಂತೆ. ಇವನು "ಯಾವ ಕಂಪೆನಿ ಮೇಡಂ?" ಎಂದು ಕೇಳಿದ. "ಅರ್ಜಿ ಹಾಕಿದ್ದು ನೀವೇ ಅಲ್ಲವಾ?" ಎಂದು ಆ ಕಡೆಯಿಂದ ಫೋನ್ ಇಟ್ಟರು. ಹನ್ನೊಂದು ತಿಂಗಳಲ್ಲಿ ಬಂದ ಕರೆ ಅದೊಂದೇ.

ಶಿಫಾರಸು ಮಾಡುವ ಶಕ್ತಿ ನಮ್ಮಲ್ಲಿ ಹೆಚ್ಚೇನೂ ಇಲ್ಲ. ಆದರೆ ಆ ದಿನ ಒಂದು ವಿಷಯ ಸ್ಪಷ್ಟವಾಯಿತು. ಹುಡುಗನಲ್ಲಿ ಸೋಮಾರಿತನವಿರಲಿಲ್ಲ, ವ್ಯವಸ್ಥೆ ಇರಲಿಲ್ಲ. ನಮ್ಮ ಹಿರಿಯರು ಬೊಂಬಾಯಿಗೆ ಹೋಗಿ ಕೆಲಸ ಹುಡುಕಿದ ಕಾಲದಲ್ಲಿ ಪತ್ರಿಕೆಯ 'ಬೇಕಾಗಿದ್ದಾರೆ' ಕಾಲಂ ಕತ್ತರಿಸಿ ನೋಟ್‌ಬುಕ್‌ನಲ್ಲಿ ಅಂಟಿಸಿ, ಅರ್ಜಿ ಕಳುಹಿಸಿದ ತಾರೀಕು ಪಕ್ಕದಲ್ಲಿ ಬರೆದಿಡುತ್ತಿದ್ದವರಿದ್ದರು. ಅಂಚೆ ಚೀಟಿಗೆ ಹಣ ಹೋಗುತ್ತಿದ್ದುದರಿಂದ ಪ್ರತಿಯೊಂದು ಅರ್ಜಿಗೂ ಲೆಕ್ಕವಿತ್ತು. ಈಗ ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆ, ಹಾಗಾಗಿ ಲೆಕ್ಕವೂ ಹೋಗಿದೆ. ಆ ನೋಟ್‌ಬುಕ್ಕನ್ನು ಇಂದಿನ ಸಾಧನಗಳಲ್ಲಿ ಮತ್ತೆ ತೆರೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ. ಇದಕ್ಕೆ ಹಣ ಖರ್ಚಿಲ್ಲ, ಲ್ಯಾಪ್‌ಟಾಪ್ ಕೂಡ ಬೇಕೆಂದಿಲ್ಲ, ಸಾಧಾರಣ ಸ್ಮಾರ್ಟ್‌ಫೋನ್ ಸಾಕು.

ಮೊದಲು ಇ-ಮೇಲ್. ಉದ್ಯೋಗಕ್ಕೆಂದೇ ಒಂದು ಪ್ರತ್ಯೇಕ ಜಿಮೇಲ್ ಖಾತೆ ತೆರೆಯುವುದು ಒಳ್ಳೆಯದು. ಶಾಲೆಯಲ್ಲಿದ್ದಾಗ ಗೆಳೆಯರು ಸೇರಿ ಮಾಡಿಕೊಟ್ಟ, ಸಿನಿಮಾ ನಟನ ಹೆಸರು ಅಂಟಿಕೊಂಡಿರುವ ವಿಳಾಸದಿಂದ ಅರ್ಜಿ ಹೋದರೆ ನೋಡುವವರು ಏನೆಂದುಕೊಂಡಾರು? ಸ್ವಂತ ಹೆಸರು, ಮನೆತನದ ಹೆಸರು, ಬೇಕಿದ್ದರೆ ಒಂದು ಅಂಕಿ, ಅಷ್ಟಿದ್ದರೆ ಆಯಿತು. ಪ್ರತ್ಯೇಕ ಖಾತೆಯ ನಿಜವಾದ ಲಾಭ ಬೇರೆಯೇ. ಅಂಗಡಿಗಳ ಜಾಹೀರಾತು, ಬ್ಯಾಂಕಿನ ಸಂದೇಶ, ಆಟಗಳ ಸೂಚನೆಗಳ ನಡುವೆ ಸಂದರ್ಶನದ ಪತ್ರ ಕಳೆದುಹೋಗುವುದಿಲ್ಲ. ಜಿಮೇಲ್‌ನಲ್ಲಿ 'ಲೇಬಲ್' ಎಂಬ ಸೌಲಭ್ಯವಿದೆ. ಅರ್ಜಿ ಕಳುಹಿಸಿದ್ದಕ್ಕೆ ಒಂದು, ಸಂದರ್ಶನಕ್ಕೆ ಒಂದು, ತಿರಸ್ಕೃತವಾದದ್ದಕ್ಕೆ ಒಂದು ಎಂದು ಮೂರು ಲೇಬಲ್‌ಗಳಿಗಿಂತ ಹೆಚ್ಚು ಬೇಡ. 'ಸ್ಪ್ಯಾಮ್' ಪೆಟ್ಟಿಗೆಯನ್ನು ದಿನಕ್ಕೊಮ್ಮೆ ತೆರೆದು ನೋಡಲೇಬೇಕು. ಅಲ್ಲಿ ಬಿದ್ದ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿ ಹೋಗುತ್ತವೆ. ನಮ್ಮ ಹುಡುಗನ ಸ್ಪ್ಯಾಮ್ ಪೆಟ್ಟಿಗೆಯನ್ನು ಅಂದು ನಮ್ಮೆದುರೇ ತೆರೆಸಿದಾಗ ಎರಡು ಆನ್‌ಲೈನ್ ಪರೀಕ್ಷೆಗಳ ಆಹ್ವಾನ ಅಲ್ಲಿತ್ತು. ಎರಡರ ದಿನಾಂಕವೂ ಮುಗಿದಿತ್ತು. ತಾಯಿ ಏನೂ ಹೇಳಲಿಲ್ಲ, ಸುಮ್ಮನೆ ಕಿಟಕಿಯ ಹೊರಗೆ ನೋಡಿದರು.

ಇನ್ನು ಪಟ್ಟಿಯ ವಿಷಯಕ್ಕೆ ಬರೋಣ. ಈ ಲೇಖನದ ಮುಖ್ಯ ಭಾಗ ಇದೇ.

ಜಿಮೇಲ್ ಖಾತೆ ಇದ್ದವರಿಗೆ ಗೂಗಲ್ ಶೀಟ್ಸ್ ಉಚಿತವಾಗಿ ಸಿಗುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಂತೆ ಗೆರೆ ಎಳೆದ ಹಾಳೆ ಅದು. ಮೊಬೈಲ್‌ನಲ್ಲಿ ಬರೆದರೂ ಸೈಬರ್‌ನಲ್ಲಿ ಬರೆದರೂ ಒಂದೇ ಕಡೆ ಉಳಿಯುತ್ತದೆ, ಫೋನ್ ನೀರಿಗೆ ಬಿದ್ದರೂ ಪಟ್ಟಿ ಮುಳುಗುವುದಿಲ್ಲ. ಒಂದು ಅರ್ಜಿಗೆ ಒಂದು ಸಾಲು. ಅದರಲ್ಲಿ ಅರ್ಜಿ ಹಾಕಿದ ದಿನಾಂಕ, ಕಂಪೆನಿಯ ಹೆಸರು ಮತ್ತು ಊರು, ಹುದ್ದೆ, ಆ ಕೆಲಸದ ಸುದ್ದಿ ಸಿಕ್ಕಿದ್ದು ಎಲ್ಲಿಂದ, ಯಾವ ಬಯೋಡಾಟಾ ಕಳುಹಿಸಿದ್ದು, ಅಲ್ಲಿ ಮಾತನಾಡಿದವರ ಹೆಸರು ಮತ್ತು ಫೋನ್, ಈಗಿನ ಸ್ಥಿತಿ, ಮುಂದೆ ಮಾಡಬೇಕಾದದ್ದು ಮತ್ತು ಅದರ ದಿನಾಂಕ. ಇಷ್ಟೇ ಕಾಲಂಗಳು. ಇನ್ನೂ ಹತ್ತು ಸೇರಿಸುವ ಆಸೆಯಾಗುತ್ತದೆ, ಸೇರಿಸಬೇಡಿ. ತುಂಬಲು ಕಷ್ಟವಾದ ಪಟ್ಟಿಯನ್ನು ಮೂರನೇ ದಿನಕ್ಕೆ ಬಿಟ್ಟುಬಿಡುವುದೇ ಹೆಚ್ಚು.

ಸುದ್ದಿ ಎಲ್ಲಿಂದ ಸಿಕ್ಕಿತು ಎಂಬ ಕಾಲಂ ಏಕೆ ಎಂದು ಕೇಳಬಹುದು. ಒಂದೆರಡು ತಿಂಗಳ ನಂತರ ನೋಡಿದಾಗ ಯಾವ ಬಾವಿಯಲ್ಲಿ ನೀರಿದೆ ಎಂದು ತಿಳಿಯುವುದು ಅಲ್ಲೇ. ಪೋರ್ಟಲ್ ಮೂಲಕ ಹಾಕಿದ ಐವತ್ತರಲ್ಲಿ ಒಂದೂ ಕರೆ ಬಾರದೆ, ಪರಿಚಯದವರು ಹೇಳಿ ಹಾಕಿದ ಆರರಲ್ಲಿ ಎರಡು ಕರೆ ಬಂದಿದ್ದರೆ, ಮುಂದಿನ ವಾರದ ಸಮಯ ಎಲ್ಲಿ ಹಾಕಬೇಕೆಂದು ಬೇರೆಯವರು ಹೇಳಬೇಕಾಗಿಲ್ಲ. ಹಾಗೆಯೇ ಜಾಹೀರಾತಿನ ಪೂರ್ತಿ ಪಠ್ಯವನ್ನು ನಕಲು ಮಾಡಿ ಅದೇ ಸಾಲಿನ ಕೊನೆಯಲ್ಲಿ ಇಡಬೇಕು. ಅರ್ಜಿ ಸ್ವೀಕರಿಸುವ ದಿನಾಂಕ ಮುಗಿದೊಡನೆ ಕಂಪೆನಿಯವರು ಜಾಹೀರಾತನ್ನು ತೆಗೆದುಬಿಡುತ್ತಾರೆ. ಸಂದರ್ಶನಕ್ಕೆ ಕರೆ ಬರುವುದು ಆ ನಂತರ. ಅವರು ಏನೇನು ಕೇಳಿದ್ದರು ಎಂದು ಆಗ ನೋಡಲು ಏನೂ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಕಾಲಂ, ಮುಂದೆ ಮಾಡಬೇಕಾದದ್ದು. ಅದು ಖಾಲಿ ಇರಬಾರದು. 'ಹತ್ತು ದಿನ ಬಿಟ್ಟು ಒಂದು ನೆನಪೋಲೆ', 'ಬುಧವಾರ ಪರೀಕ್ಷೆ', 'ಮುಗಿಯಿತು' ಹೀಗೆ ಏನಾದರೊಂದು ಇರಬೇಕು. ವಾರಕ್ಕೊಮ್ಮೆ, ಶನಿವಾರ ಸಂಜೆ ಎಂದಿಟ್ಟುಕೊಳ್ಳಿ, ಅರ್ಧ ಗಂಟೆ ಕುಳಿತು ಮೇಲಿಂದ ಕೆಳಗೆ ಓದಿದರೆ ಪಟ್ಟಿಯೇ ಕೆಲವು ಸತ್ಯ ಹೇಳುತ್ತದೆ. ನಲವತ್ತು ಅರ್ಜಿಗೂ ಒಂದು ಕರೆ ಬಂದಿಲ್ಲವೆಂದರೆ ತೊಂದರೆ ಬಯೋಡಾಟಾದಲ್ಲಿದೆ ಅಥವಾ ಅರ್ಹತೆಗೆ ಹೊಂದದ ಹುದ್ದೆಗಳಿಗೆ ಅರ್ಜಿ ಹೋಗುತ್ತಿದೆ. ಕರೆ ಬಂದು ಮೊದಲ ಸುತ್ತಿನಲ್ಲೇ ನಿಲ್ಲುತ್ತಿದ್ದರೆ ಬಯೋಡಾಟಾ ಸರಿಯಿದೆ, ಮಾತನಾಡುವ ಅಭ್ಯಾಸ ಬೇಕು. ಇವೆರಡಕ್ಕೂ ಮದ್ದು ಬೇರೆ ಬೇರೆ. ಪಟ್ಟಿ ಇಲ್ಲದವನಿಗೆ ಎರಡೂ ಒಂದೇ ಕತ್ತಲೆಯಾಗಿ ಕಾಣುತ್ತದೆ, 'ನನಗೆ ಅದೃಷ್ಟವಿಲ್ಲ' ಎಂದು ಬಿಡುತ್ತಾನೆ.

ಬಯೋಡಾಟಾ ಬಗ್ಗೆ ಎರಡೇ ಮಾತು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಬಣ್ಣದ ಚೌಕಟ್ಟಿನ, ಎರಡು ಕಾಲಂಗಳ ನಮೂನೆ ನೋಡಲು ಚೆಂದ. ಆದರೆ ದೊಡ್ಡ ಕಂಪೆನಿಗಳಲ್ಲಿ ಅದನ್ನು ಮೊದಲು ಓದುವುದು ಮನುಷ್ಯರಲ್ಲ, ಒಂದು ಸಾಫ್ಟ್‌ವೇರ್. ಸರಳ ಅಕ್ಷರ, ಒಂದೇ ಕಾಲಂ, ಪಿಡಿಎಫ್ ರೂಪ ಇದ್ದರೆ ಅದು ತಪ್ಪಿಲ್ಲದೆ ಓದುತ್ತದೆ. ಕಡತಕ್ಕೆ 'ನ್ಯೂ ಫೈನಲ್ 2' ಎಂದು ಹೆಸರಿಡದೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ. ಆಧಾರ್ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆಗಳನ್ನು ಬಯೋಡಾಟಾದಲ್ಲಿ ಬರೆಯುವ ಅಭ್ಯಾಸ ನಮ್ಮ ಊರಲ್ಲಿ ಇನ್ನೂ ಇದೆ. ಅದನ್ನು ದಯವಿಟ್ಟು ಬಿಡಬೇಕು.

ದಾಖಲೆಗಳಿಗೆ ಗೂಗಲ್ ಡ್ರೈವ್‌ನಲ್ಲಿ ಒಂದು ಕಪಾಟು ಮಾಡಿಕೊಳ್ಳಬಹುದು. ಒಂದು ಖಾತೆಗೆ 15 ಜಿಬಿ ಜಾಗ ಉಚಿತ, ಅಂಕಪಟ್ಟಿಗಳಿಗೆ ಧಾರಾಳವಾಯಿತು. ಸರಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಇನ್ನೂ ಉಪಯುಕ್ತ. ಮಂಡಳಿ ಅಥವಾ ವಿಶ್ವವಿದ್ಯಾನಿಲಯವೇ ನೇರವಾಗಿ ಅದರಲ್ಲಿ ನೀಡಿದ ದಾಖಲೆಗೆ ಮೂಲ ಪ್ರತಿಯಷ್ಟೇ ಕಾನೂನಿನ ಮಾನ್ಯತೆಯಿದೆ. ನಾವೇ ಫೋಟೋ ತೆಗೆದು ಏರಿಸಿದ ಪ್ರತಿಗೆ ಆ ಮಾನ್ಯತೆ ಇಲ್ಲ. ಈ ವ್ಯತ್ಯಾಸ ಅನೇಕರಿಗೆ ತಿಳಿದಿಲ್ಲ.

ನಮ್ಮ ಕರಾವಳಿಯವರಿಗೆ ಬ್ಯಾಂಕ್ ಕೆಲಸ ಎಂದರೆ ಮನೆಯ ಮಾತು. ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳು ಇಲ್ಲೇ ಹುಟ್ಟಿದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 'ನಮ್ಮವರು ಇದ್ದಾರೆ, ಕೇಳಿ ನೋಡೋಣ' ಎಂಬ ದಾರಿ ಮುಚ್ಚಿ ಬಹಳ ಕಾಲವಾಯಿತು. ಸ್ಟೇಟ್ ಬ್ಯಾಂಕನ್ನು ಬಿಟ್ಟರೆ ಉಳಿದ ಸರಕಾರಿ ಬ್ಯಾಂಕುಗಳ ಗುಮಾಸ್ತ ಮತ್ತು ಅಧಿಕಾರಿ ಹುದ್ದೆಗಳಿಗೆ 2011ರಿಂದ ಐಬಿಪಿಎಸ್ ಸಾಮಾನ್ಯ ಪರೀಕ್ಷೆ ನಡೆಸುತ್ತಿದೆ. ಇಲ್ಲಿ ಅರ್ಜಿ ತಿರಸ್ಕೃತವಾಗುವುದು ಜ್ಞಾನದ ಕೊರತೆಯಿಂದಲೇ ಆಗಬೇಕೆಂದಿಲ್ಲ. ಭಾವಚಿತ್ರ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕು, ಅದರ ಜೊತೆ ಎಡ ಹೆಬ್ಬೆಟ್ಟಿನ ಗುರುತು ಮತ್ತು ಕೈಬರಹದ ಘೋಷಣೆ. ಇವನ್ನು ಕೊನೆಯ ದಿನ ರಾತ್ರಿ ಸೈಬರ್‌ನಲ್ಲಿ ತಯಾರಿಸಲು ಹೋದವರ ಪಾಡು ನಾವು ಕಂಡಿದ್ದೇವೆ. ಮೊದಲೇ ಅಳತೆಗೆ ತಕ್ಕಂತೆ ಮಾಡಿ ಡ್ರೈವ್‌ನ ಒಂದು ಕಡತಕೋಶದಲ್ಲಿಟ್ಟರೆ ಮುಂದಿನ ಅರ್ಜಿಗಳಿಗೂ ಅನುಕೂಲವಾಗುತ್ತದೆ. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ 2024ರಲ್ಲಿ ಹೊಸ ವೆಬ್‌ಸೈಟ್‌ಗೆ ಬದಲಾದಾಗ ಹಳೆಯ ನೋಂದಣಿಯವರೂ ಮತ್ತೆ ಹೊಸದಾಗಿ ಒಂದು ಬಾರಿಯ ನೋಂದಣಿ ಮಾಡಬೇಕಾಯಿತು. ಆದ್ದರಿಂದ ನೋಂದಣಿ ಸಂಖ್ಯೆಗಳಿಗೂ ಪಟ್ಟಿಯಲ್ಲಿ ಒಂದು ಪುಟ ಇರಲಿ. ಗುಪ್ತಪದಗಳನ್ನು ಮಾತ್ರ ಅಲ್ಲಿ ಬರೆಯಬೇಡಿ.

ಇಲ್ಲೇ ಇನ್ನೊಂದು ಮಾತು. ಈ ಎಲ್ಲ ಕಡೆ ಒಟಿಪಿ ಬರುವುದು ಮೊಬೈಲ್ ಸಂಖ್ಯೆಗೆ. ಆಫರ್ ಬಂತೆಂದು ತಿಂಗಳಿಗೊಂದು ಸಿಮ್ ಬದಲಾಯಿಸುವವರು ತಮ್ಮ ಬಾಗಿಲಿನ ಬೀಗದ ಕೈಯನ್ನು ತಾವೇ ಎಸೆದಂತೆ. ಬಳಸದೆ ಬಿಟ್ಟ ಪ್ರಿಪೇಯ್ಡ್ ಸಂಖ್ಯೆ 90 ದಿನಗಳ ನಂತರ ರದ್ದಾಗಬಹುದು, ಮುಂದೆ ಬೇರೆಯವರ ಪಾಲಾಗಬಹುದು.

ಕೆಲಸ ಹುಡುಕುವ ತಾಣಗಳು ಎಷ್ಟೋ ಇವೆ. 1997ರಲ್ಲಿ ಆರಂಭವಾದ ನೌಕ್ರಿ, 2003ರ ಲಿಂಕ್ಡ್‌ಇನ್, ಕೇಂದ್ರ ಸರಕಾರ 2015ರಲ್ಲಿ ತೆರೆದ ಉಚಿತ ನ್ಯಾಷನಲ್ ಕರಿಯರ್ ಸರ್ವಿಸ್ ಹೆಚ್ಚು ಬಳಕೆಯವು. ಎರಡು ಅಥವಾ ಮೂರು ಆರಿಸಿಕೊಂಡು, ಊರು ಮತ್ತು ಹುದ್ದೆಯ ಹೆಸರು ಕೊಟ್ಟು 'ಅಲರ್ಟ್' ಇಟ್ಟರೆ ಹೊಸ ಕೆಲಸದ ಸೂಚನೆ ಇ-ಮೇಲ್‌ಗೆ ಬರುತ್ತದೆ. ಇಡೀ ದಿನ ಪರದೆ ಉಜ್ಜುತ್ತಾ ಕೂರಬೇಕಾಗಿಲ್ಲ. ಎಂಆರ್‌ಪಿಎಲ್, ನವಮಂಗಳೂರು ಬಂದರು ಪ್ರಾಧಿಕಾರದಂತಹ ಸಂಸ್ಥೆಗಳು ತಮ್ಮದೇ ವೆಬ್‌ಸೈಟ್‌ನಲ್ಲಿ ನೇಮಕಾತಿ ಪ್ರಕಟಣೆ ಹಾಕುತ್ತವೆ. ಆ ಪುಟಗಳನ್ನು ವಾರಕ್ಕೊಮ್ಮೆ ನೇರವಾಗಿ ನೋಡುವುದೇ ಸರಿ.

ಪಟ್ಟಿ ಮತ್ತು ಕ್ಯಾಲೆಂಡರ್ ಎರಡರ ಬೆಲೆಯೂ ಚೆನ್ನಾಗಿ ತಿಳಿಯುವುದು ನಮ್ಮ ನರ್ಸ್ ಸಹೋದರಿಯರ ವಿಷಯದಲ್ಲಿ. ವಿದೇಶಕ್ಕೆ ಹೋಗಬಯಸುವ ಒಬ್ಬ ನರ್ಸ್‌ಗೆ ಎಷ್ಟು ಕಾಗದಗಳು! ನರ್ಸಿಂಗ್ ಕೌನ್ಸಿಲ್ ನೋಂದಣಿ, ಅಲ್ಲಿಂದ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ, ಕೆಲಸ ಮಾಡಿದ ಪ್ರತಿ ಆಸ್ಪತ್ರೆಯಿಂದ ಅನುಭವ ಪತ್ರ, ಗಲ್ಫ್ ದೇಶಗಳಿಗಾದರೆ ದಾಖಲೆಗಳ ಡೇಟಾಫ್ಲೋ ಪರಿಶೀಲನೆ ಮತ್ತು ಪರವಾನಗಿ ಪರೀಕ್ಷೆ, ಇಂಗ್ಲೆಂಡಿಗಾದರೆ ಐಇಎಲ್‌ಟಿಎಸ್ ಅಥವಾ ಒಇಟಿ, ಜರ್ಮನಿಗಾದರೆ ಜರ್ಮನ್ ಭಾಷೆಯ ಪರೀಕ್ಷೆ. ಒಂದೊಂದಕ್ಕೂ ಕಾಯುವ ಸಮಯ ಬೇರೆ, ಕೆಲವಕ್ಕೆ ಅವಧಿ ಮುಗಿಯುವ ದಿನವೂ ಉಂಟು. ಐಇಎಲ್‌ಟಿಎಸ್ ಅಂಕಗಳು ಎರಡು ವರ್ಷ ಮಾತ್ರ ನಡೆಯುತ್ತವೆ. ನಮಗೆ ತಿಳಿದ ಒಬ್ಬ ನರ್ಸ್ ಕಷ್ಟಪಟ್ಟು ಓದಿ ಆ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಆ ನಂತರ ಹಳೆಯ ಆಸ್ಪತ್ರೆಯೊಂದರ ಅನುಭವ ಪತ್ರಕ್ಕೆ ಓಡಾಡುವುದರಲ್ಲೇ ತಿಂಗಳುಗಳು ಕಳೆದವು, ಮನೆಯಲ್ಲಿ ತಂದೆಯ ಕಾಯಿಲೆಯೂ ಸೇರಿತು. ಎಲ್ಲವೂ ಕೂಡಿಬಂದಾಗ ಅಂಕಗಳ ಅವಧಿ ಮುಗಿದು ಒಂಬತ್ತು ದಿನವಾಗಿತ್ತು. ಮತ್ತೆ ಪರೀಕ್ಷೆ, ಮತ್ತೆ ಶುಲ್ಕ.

ಗೂಗಲ್ ಕ್ಯಾಲೆಂಡರ್‌ನಲ್ಲಿ ಅವಧಿ ಮುಗಿಯುವ ದಿನವನ್ನು ಬರೆದು, ಆರು ತಿಂಗಳು ಮೊದಲಿಗೊಂದು ಮತ್ತು ಎರಡು ತಿಂಗಳು ಮೊದಲಿಗೊಂದು ಎಚ್ಚರಿಕೆಯ ನಮೂದು ಹಾಕಿಟ್ಟರೆ ಇಂತಹದ್ದು ತಪ್ಪುತ್ತದೆ. ಪಾಸ್‌ಪೋರ್ಟಿನ ಅವಧಿಗೂ ಹೀಗೆಯೇ ಮಾಡಬೇಕು. ಸಂದರ್ಶನದ ಸಮಯ ಬರೆಯುವಾಗ ದೇಶದ ಸಮಯ ಗಮನಿಸಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕುವೈಟ್, ಕತಾರ್‌ಗಳು ಎರಡೂವರೆ ಗಂಟೆ ಹಿಂದೆ. ದುಬೈಯವರು ಹತ್ತು ಗಂಟೆ ಎಂದರೆ ನಮಗೆ ಹನ್ನೊಂದೂವರೆ.

ಗಲ್ಫ್ ವಿಷಯ ಬಂದ ಮೇಲೆ ಏಜೆಂಟರ ವಿಷಯ ಬಿಡುವಂತಿಲ್ಲ. ಪಟ್ಟಿಯಲ್ಲಿ ಏಜೆಂಟರ ಮೂಲಕ ಹೋದ ಅರ್ಜಿ ಇದ್ದರೆ ಪರವಾನಗಿ ಸಂಖ್ಯೆ ಎಂಬ ಒಂದು ಕಾಲಂ ಹೆಚ್ಚಿಗೆ ಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಯಾರಿಗೂ ನೋಡಲು ಸಿಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಆ ತಾಣಕ್ಕೆ ಹೊಸ ರೂಪ ಕೊಡಲಾಗಿದೆ. ಏಜೆಂಟ್ ಹೇಳಿದ ಸಂಖ್ಯೆ ಅಲ್ಲಿಲ್ಲದಿದ್ದರೆ, ಅಥವಾ 'ಅಮಾನತು' ಎಂದಿದ್ದರೆ ಆ ಸಾಲನ್ನು ಅಲ್ಲಿಗೇ ಮುಗಿಸಬೇಕು. 1983ರ ವಲಸೆ ಕಾಯಿದೆಯಡಿ ಮಾಡಿರುವ ನಿಯಮಗಳ ಪ್ರಕಾರ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಶೀದಿ ಕೊಡಬೇಕು. ಒಂದೂವರೆ ಲಕ್ಷ, ಎರಡು ಲಕ್ಷ ಎಂದು ಕೈಗೆ ಕೈ ಕೊಟ್ಟವರು ನಮ್ಮ ಬಳಿ ಬಂದಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಹೊಂದಿದವರು 18 ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಬೇಕು. ನರ್ಸ್‌ಗಳಿಗೆ ಎಷ್ಟೇ ಓದಿದ್ದರೂ 2015ರಿಂದ ಈ ಅನುಮತಿ ಕಡ್ಡಾಯವಾಯಿತು. ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಸೇರಿಸಲು ಅಭ್ಯರ್ಥಿಯಿಂದ ಶುಲ್ಕ ಕೇಳುವುದನ್ನು ಅಲ್ಲಿನ ನಿಯಮವೇ ಒಪ್ಪುವುದಿಲ್ಲ. 'ಮೊದಲು ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ಸರಿಮಾಡುತ್ತೇವೆ' ಎಂಬ ಮಾತು ಕೇಳಿದಾಗ ಎರಡು ಸಲ ಯೋಚಿಸಬೇಕು.

ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳ ಎಂಬ ಆಹ್ವಾನಗಳ ವಿರುದ್ಧ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ನೀಡಿತ್ತು. ಹಾಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿ ಪ್ರದೇಶದಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆಯ ಕೆಲಸ ಮಾಡಿಸಲಾಗುತ್ತಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಮರಳಿ ಕರೆತರಬೇಕಾಯಿತು. ಊರಲ್ಲೇ ಕುಳಿತವರಿಗೆ ಟೆಲಿಗ್ರಾಂನಲ್ಲಿ 'ಪಾರ್ಟ್‌ಟೈಮ್ ಜಾಬ್' ಬರುತ್ತದೆ. ಮೊದಲು ಅವರೇ ನೂರಿನ್ನೂರು ಕೊಡುತ್ತಾರೆ, ಆಮೇಲೆ ನಮ್ಮಿಂದ ಸಾವಿರಗಳನ್ನು ಕಟ್ಟಿಸಿಕೊಳ್ಳುತ್ತಾರೆ. ಕೆಲಸ ಕೊಡುವವನು ಹಣ ಕೇಳಿದರೆ ಅದು ಕೆಲಸವಲ್ಲ. ಹಣ ಹೋಗಿದ್ದರೆ ನಾಚಿಕೆಪಡುತ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಆ ಹಣವನ್ನು ತಡೆಹಿಡಿಯುವುದು ಕಷ್ಟ.

ಯುವಜನರ ಬಗ್ಗೆಯೇ ಬರೆಯುತ್ತಾ ಹೋದೆವು, ಇನ್ನೊಂದು ವರ್ಗವನ್ನು ಮರೆಯಬಾರದು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ಮೊದಲ ವಿಮಾನ ಬಂದಿಳಿಯಿತು. ಆ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡು ಬಂದವರಲ್ಲಿ ನಲವತ್ತೈದು, ಐವತ್ತು ದಾಟಿದವರಿದ್ದರು. ಇಪ್ಪತ್ತು ವರ್ಷ ಸ್ಟೋರ್ ಕೀಪರ್, ಫೋರ್‌ಮ್ಯಾನ್ ಆಗಿ ದುಡಿದವರಿಗೆ ಬಯೋಡಾಟಾ ಎಂದರೆ 1998ರಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ. ಮಕ್ಕಳ ಮುಂದೆ 'ನನಗೆ ಇದು ಗೊತ್ತಿಲ್ಲ' ಎನ್ನಲು ಅವರಿಗೆ ಸಂಕೋಚ. ಒಂದು ಧರ್ಮಕೇಂದ್ರದಲ್ಲಿ ಯುವಕರು ಭಾನುವಾರ ಎರಡು ಗಂಟೆ ಸಭಾಂಗಣದಲ್ಲಿ ಕುಳಿತು ಇಂಥವರಿಗೆ ಜಿಮೇಲ್, ಪಟ್ಟಿ, ಡಿಜಿಲಾಕರ್ ಮಾಡಿಕೊಟ್ಟದ್ದನ್ನು ನಾವು ನೋಡಿದ್ದೇವೆ. ಚಹಾ ಬಿಟ್ಟರೆ ಬೇರೆ ಖರ್ಚಿರಲಿಲ್ಲ. ಮಾಡಿಕೊಡುವಾಗ ಗುಪ್ತಪದವನ್ನು ಆ ವ್ಯಕ್ತಿಯ ಕೈಯಿಂದಲೇ ಹಾಕಿಸಿದರು. ಅದು ಸರಿಯಾದ ಕ್ರಮ.

ಇದರಂತೆಯೇ ಸಹಾಯ ಮಾಡಬಯಸುವ ಗುರ್ಕಾರರು ಮತ್ತು ಕಾರ್ಯಕರ್ತರಿಗೆ ಒಂದೆರಡು ವಿನಂತಿ. ಕೆಲಸ ಹುಡುಕುವವರ ಹೆಸರು, ಫೋನ್, ವಿದ್ಯಾರ್ಹತೆಯ ಪಟ್ಟಿಯನ್ನು ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಅವರ ಒಪ್ಪಿಗೆ ಪಡೆದು ಕೆಲಸ ಕೊಡುವವರಿಗೆ ಮಾತ್ರ ಕಳುಹಿಸಿ. ಹೆಣ್ಣುಮಕ್ಕಳ ಫೋನ್ ಸಂಖ್ಯೆ ಹೀಗೆ ಊರೂರು ಸುತ್ತಿ ತೊಂದರೆಯಾದದ್ದು ನಮ್ಮ ಕಿವಿಗೆ ಬಿದ್ದಿದೆ. ಇನ್ನೊಂದು, ಗುಂಪಿಗೆ ಬಂದ ಕೆಲಸದ ಸುದ್ದಿಯನ್ನು ಮುಂದೆ ಕಳುಹಿಸುವ ಮೊದಲು ಆ ಸಂಸ್ಥೆಯ ವೆಬ್‌ಸೈಟ್ ತೆರೆದು ದಿನಾಂಕ ನೋಡಿ. ಮೂರು ವರ್ಷ ಹಳೆಯ ಪ್ರಕಟಣೆಯೊಂದು ಈ ಸಲವೂ ಪ್ರತಿವರ್ಷದಂತೆ ನಮ್ಮ ಮೊಬೈಲ್‌ಗೆ ಏಳು ಕಡೆಯಿಂದ ಬಂತು! ಹುಡುಗನ ಪಟ್ಟಿಯನ್ನು ತಂದೆತಾಯಿಯೂ ನೋಡಬೇಕೆಂದಿದ್ದರೆ 'ನೋಡಲು ಮಾತ್ರ' ಎಂದು ಹಂಚಿಕೊಳ್ಳುವ ಸೌಲಭ್ಯ ಗೂಗಲ್ ಶೀಟ್ಸ್‌ನಲ್ಲಿದೆ. ಇದರಿಂದ ದಿನವೂ 'ಏನಾಯಿತು?' ಎಂದು ಕೇಳುವುದು ತಪ್ಪುತ್ತದೆ, ಊಟದ ಮೇಜಿನ ಜಗಳವೂ ಸ್ವಲ್ಪ ಕಡಿಮೆಯಾಗುತ್ತದೆ.

ಸೈಬರ್‌ನಲ್ಲಿ ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬರುವುದು, ಅಲ್ಲಿನ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಅಂಕಪಟ್ಟಿ ಅಳಿಸುವುದು, ಇವು ಹೇಳದೆಯೇ ತಿಳಿಯಬೇಕಾದವು. ಆದರೂ ಹೇಳುತ್ತಿದ್ದೇವೆ.

ಕೆಲಸ ಸಿಕ್ಕಿದ ದಿನ ಪಟ್ಟಿಯನ್ನು ಅಳಿಸಬಾರದು. ಕಾಯುತ್ತಿರುವ ಉಳಿದ ಕಂಪೆನಿಗಳಿಗೆ ಎರಡು ಸಾಲಿನ ಪತ್ರ ಬರೆದು ಅರ್ಜಿ ಹಿಂದೆಗೆದುಕೊಳ್ಳಬೇಕು. ಅಲ್ಲಿ ಮಾತನಾಡಿದವರ ಹೆಸರು, ವಿಳಾಸ ಎರಡು ವರ್ಷದ ನಂತರ ಮತ್ತೆ ಬೇಕಾಗಬಹುದು. ನೇಮಕಾತಿ ಪತ್ರ, ಪ್ರತಿ ತಿಂಗಳ ಸಂಬಳದ ಚೀಟಿಗಳು ಅದೇ ಡ್ರೈವ್‌ಗೆ ಸೇರಲಿ. ಮುಂದಿನ ಕೆಲಸಕ್ಕೆ ಹೋಗುವಾಗ ಮೊದಲು ಕೇಳುವುದು ಅವನ್ನೇ.

ಆ ಹುಡುಗ ಈಗ ಹದಿನೈದು ದಿನಕ್ಕೊಮ್ಮೆ ಬಂದು ಪಟ್ಟಿ ತೋರಿಸುತ್ತಾನೆ. ನೂರು ಅರ್ಜಿಗಳ ಜಾಗದಲ್ಲಿ ಮೂವತ್ತೊಂದು ಸಾಲುಗಳಿವೆ, ಬಯೋಡಾಟಾ ಎರಡು ಸಲ ಬದಲಾಗಿದೆ, ನಾಲ್ಕು ಕರೆ ಬಂದಿವೆ. ಎರಡು ಸಾಲುಗಳಲ್ಲಿ 'ಮುಗಿಯಿತು' ಎಂದಿದೆ, ಒಂದರಲ್ಲಿ 'ಉತ್ತರ ಬರಬೇಕು'. ನಾಲ್ಕನೆಯದು ಬರುವ ಗುರುವಾರ, ಬೆಳಿಗ್ಗೆ ಹತ್ತೂವರೆಗೆ, ಮಂಗಳೂರಿನಲ್ಲೇ.